ಹಿಂಗೈ ತಾಗಿಸಿ ನೋಡು

ನಮ್ಮೂರಿನಲ್ಲಿ ಮಗು ಅಮ್ಮ ಎನ್ನುವ ಮೊದಲೇ ಹಿಂಗೈ ತಾಗಿಸುವುದನ್ನು ಕಲಿಯುತ್ತದೆ. ನಲ್ಲಿಯಿರಲಿ, ಬಾಗಿಲ ಚಿಲಕವಿರಲಿ, ಬಹಳ ದಿನದ ಮೇಲೆ ಬಂದ ಸೋದರತ್ತೆಯ ಕೆನ್ನೆಯೇ ಇರಲಿ, ಮೊದಲು ಕೈಯ ಹಿಂಬದಿ ತಾಗಿಸಿ ನೋಡಬೇಕು. ಚುರ್ ಎಂದರೆ ಕೈ ತಾನಾಗಿ ಹಿಂದಕ್ಕೆ ಹಾರುತ್ತದೆ. ಅಂಗೈಯಿಂದ ಹಿಡಿದರೆ ಬೆರಳು ಮುಚ್ಚಿಕೊಂಡು ಅಲ್ಲೇ ಕಚ್ಚಿ ಕೂರುತ್ತದೆ. ಆಮೇಲೆ ಬಿಡು ಎಂದರೂ ಬಿಡುವುದಿಲ್ಲ. ಪರ ಊರಿನಿಂದ ಬಂದವರು ಇದನ್ನು ನೋಡಿ ಮಡಿ ಮೈಲಿಗೆ ಎಂದುಕೊಂಡು ಮೂಗು ಮುರಿಯುತ್ತಾರೆ. ಅಯ್ಯೋ, ಮೈಲಿಗೆಯಾಗಿದ್ದರೆ ಸ್ನಾನ ಮಾಡಿದರೆ ಹೋಗುತ್ತಿತ್ತು. ಇದು ಸ್ನಾನ ಮಾಡುವಾಗಲೇ ಹಿಡಿಯುವಂಥದ್ದು.

ಒಂದೊಂದು ಕಟ್ಟಡಕ್ಕೂ ಕರೆಂಟಿನದು ಒಂದೊಂದು ಮಟ್ಟ ಇರುತ್ತದೆ. ಆ ಕಟ್ಟಡದ ನೀರಿನ ಪೈಪು, ಗ್ಯಾಸಿನ ಪೈಪು, ಮೆಟ್ಟಿಲ ಕಂಬಿ, ಅಲ್ಲಿ ವಾಸಿಸುವ ಜನ, ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೇ ಪ್ರತಿ ಕಟ್ಟಡದಲ್ಲೂ ಮೆಟ್ಟಿಲ ಕೆಳಗೆ ಒಂದು ತಾಮ್ರದ ಪಟ್ಟಿ ಇದೆ. ಎಲ್ಲ ಪೈಪುಗಳಿಂದಲೂ ಹಸಿರು ತಂತಿಗಳು ಬಂದು ಅದಕ್ಕೆ ಬಿಗಿದುಕೊಂಡಿರುತ್ತವೆ. ಹೊರಗಿನಿಂದ ಬಂದವರು ಚಪ್ಪಲಿ ಬಿಟ್ಟು ಮೊದಲು ಪಟ್ಟಿಗೆ ಹಿಂಗೈ ತಾಗಿಸಿ, ಚುಟುಚುಟು ಅಡಗಿದ ಮೇಲೆ ಮೆಟ್ಟಿಲು ಹತ್ತುತ್ತಾರೆ. ಬಸ್ಸಿನ ಕಂಡಕ್ಟರ್ ಟಿಕೆಟ್ಟನ್ನು ಬಿದಿರಿನ ಚಿಮಟದಲ್ಲಿ ಚಾಚುತ್ತಾನೆ. ಮದುವೆಯಲ್ಲಿ ಗಂಡು ಹೆಣ್ಣು ಕೈ ಹಿಡಿಯುವ ಮೊದಲು ಒಂದು ಹಿತ್ತಾಳೆ ಸೌಟಿನ ಎರಡು ತುದಿ ಹಿಡಿಯುತ್ತಾರೆ. ಕಿಡಿ ದೊಡ್ಡದಾಗಿ ಹಾರಿದರೆ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ನನ್ನ ಮದುವೆಯಲ್ಲಿ ಕಿಡಿ ಹಾರುವ ಮೊದಲೇ ಸೌಟು ನನ್ನ ಕೈಜಾರಿ ಬಿತ್ತು. ನಾನು ಹುಟ್ಟಾ ಹೆದರುಪುಕ್ಕಲಿ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಈ ಊರಿನಲ್ಲಿ ಬೇಗ ಹೋದವರೆಲ್ಲ ಧೈರ್ಯವಂತರೇ.

ನಮ್ಮ ಕಟ್ಟಡದಲ್ಲಿ ಮಹಡಿಗೊಂದೇ ಮನೆ. ನೆಲಮಹಡಿಯಲ್ಲಿ ಕರಿಬಸಪ್ಪನವರು, ವಯಸ್ಸಾದವರು. ತಾಮ್ರದ ಪಟ್ಟಿಯನ್ನು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಹುಣಸೆಹಣ್ಣು ಹಾಕಿ ಉಜ್ಜಿ ದೇವರ ಪಾತ್ರೆಯ ಹಾಗೆ ಬೆಳಗಿ ಇಡುತ್ತಾರೆ. ಅದರ ಮೇಲೆ ಲೀಲಾವತಿ ಟೀಚರ್. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಕಟ್ಟಡಕ್ಕೆಲ್ಲ ಈಗಲೂ ಅವರೇ ಟೀಚರ್. ಅದರ ಮೇಲೆ ಮೆಹರಮ್ಮ, ಬಾಯಿ ಜೋರು, ಮನಸ್ಸು ಬೆಣ್ಣೆ. ಅದರ ಮೇಲೆ ಅಂಬಕ್ಕ. ಎಲ್ಲರ ನೆತ್ತಿಯ ಮೇಲೆ ನಾನು, ವನಮಾಲ. ನಮ್ಮವರು ಹೋಗಿ ಬಹಳ ಕಾಲವಾಯಿತು. ಮಿಕ್ಕ ಮನೆಗಳ ಗಂಡಸರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವವರು.

ಅಂಬಕ್ಕನೂ ನಾನೂ ಒಂದು ಕಾಲದಲ್ಲಿ ಹೇಗಿದ್ದೆವೆಂದರೆ, ನಾನು ಸಾರಿಗಿಟ್ಟರೆ ಅವಳು ಒಗ್ಗರಣೆ ಹಾಕಿಕೊಂಡು ಮೇಲೆ ಬರುತ್ತಿದ್ದಳು. ಕಳೆದ ದೀಪಾವಳಿಗೆ ಮುಂಚೆ ಅವಳ ಗಂಡ ಶೇಷಗಿರಿಯವರು ಅಡುಗೆಮನೆ ತೊಳೆಯುತ್ತಾ, ಒಂದು ಕೈ ನಲ್ಲಿಯ ಮೇಲಿಟ್ಟು ಇನ್ನೊಂದನ್ನು ಗ್ಯಾಸಿನ ಪೈಪಿಗೆ ಊರಿದರು. ಕೆಳಗೆ ಪಟ್ಟಿಯ ಹತ್ತಿರ ಹೆಗ್ಗಣವೊಂದು ಒಂದು ತಂತಿಯನ್ನು ಎಳೆದು ಸಡಿಲ ಮಾಡಿತ್ತು. ಅಷ್ಟೇ. ಅಂಬಕ್ಕನ ಕೂಗು ಕೇಳಿ ನಾನು ಓಡಿ ಇಳಿದಾಗ ಅವರು ನಿಂತಲ್ಲೇ ನಡುಗುತ್ತಿದ್ದರು, ಇವಳು ಅವರನ್ನು ತಬ್ಬಿಕೊಳ್ಳಲು ಕೈ ಚಾಚಿದ್ದಳು. ನಾನು ಹಿಂದಿನಿಂದ ಅವಳ ಸೊಂಟ ಹಿಡಿದು ಎಳೆದೆ. ‘ಮುಟ್ಟಬೇಡ! ಮುಟ್ಟಬೇಡ!’ ಎಂದು ಕಿರುಚಿದೆ. ಅವಳು ಬಿಡಿಸಿಕೊಳ್ಳಲು ನನ್ನ ಬಲಗೈಯ ಮಣಿಕಟ್ಟನ್ನು ಕಚ್ಚಿದಳು. ರಕ್ತ ಬಂತು, ನಾನು ಬಿಡಲಿಲ್ಲ. ಮೆಹರಮ್ಮ ಒನಕೆ ತಂದು ಅವರನ್ನು ಪೈಪಿನಿಂದ ಬೇರೆ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಎಲ್ಲರೂ ನನ್ನನ್ನು ಹೊಗಳಿದರು, ನೀನಿಲ್ಲದಿದ್ದರೆ ಅಂಬಕ್ಕನೂ ಹೋಗುತ್ತಿದ್ದಳು ಎಂದರು. ಅಂಬಕ್ಕ ಮಾತ್ರ ಬಾಗಿಲು ಹಾಕಿಕೊಂಡಳು. ಆಮೇಲೆ ಅವಳು ಯಾರನ್ನೂ ಮುಟ್ಟಲಿಲ್ಲ. ಮನೆಯೊಳಗೂ ಮರದ ಮೆಟ್ಟು ಹಾಕಿಕೊಂಡೇ ಓಡಾಡುವಳು. ಗ್ಯಾಸು ಬಿಟ್ಟು ಇದ್ದಿಲ ಒಲೆಗೆ ಬಂದಳು. ನಾನು ದಿನಾ ಏನಾದರೂ ಮಾಡಿ ಅವಳ ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದೆ. ಪಾತ್ರೆ ತೊಳೆದು ಅಲ್ಲೇ ಇರುತ್ತಿತ್ತು, ಮಾತಿಲ್ಲ. ಹಲ್ಲಿನ ಗುರುತು ನನ್ನ ಮಣಿಕಟ್ಟಿನ ಮೇಲೆ ಹಾಗೆಯೇ ಉಳಿಯಿತು.

ಹೀಗಿರುವಾಗ ನನ್ನ ಮಗಳು ಮಂಜರಿ ಬಾಣಂತನಕ್ಕೆ ಬಂದಳು. ನಮ್ಮೂರಿನಲ್ಲಿ ಹೆರಿಗೆ ಮನೆಯಲ್ಲೇ ಆಗಬೇಕು. ಯಾವ ಕಟ್ಟಡದಲ್ಲಿ ಹುಟ್ಟಿತೋ ಅಲ್ಲೇ ಮಟ್ಟ ಕೂಡಿಸುವ ತನಕ ಕೂಸು ಹೊಸ್ತಿಲು ದಾಟುವಂತಿಲ್ಲ. ಹೆಣ್ಣು ಮಗು ಹುಟ್ಟಿತು, ತಲೆ ತುಂಬ ಕೂದಲು, ಮುಷ್ಟಿ ಬಿಚ್ಚದ ಜಿಪುಣಿ. ಹೊಕ್ಕುಳ ಕುಡಿ ಇರುವ ತನಕ ಕೂಸು ತಾಯಿಯ ಮಟ್ಟದಲ್ಲೇ ಇರುತ್ತದೆ. ಅದು ಉದುರಿದ ದಿನ ಹೊತ್ತು ಮುಳುಗುವುದರೊಳಗೆ ಮಟ್ಟ ಕೂಡಿಸಬೇಕು. ಅಡುಗೆಮನೆಯಲ್ಲಿ ತಾಯಿ ಒಂದು ಕೈಯಲ್ಲಿ ಗ್ಯಾಸಿನ ಪೈಪು ಹಿಡಿಯುತ್ತಾಳೆ, ಅಜ್ಜಿ ಒಂದು ಕೈಯಲ್ಲಿ ನೀರಿನ ಪೈಪು ಹಿಡಿಯುತ್ತಾಳೆ, ಕೂಸು ತಾಯಿಯ ತೋಳಿನಿಂದ ಅಜ್ಜಿಯ ತೋಳಿಗೆ ದಾಟುತ್ತದೆ. ಎರಡು ಪೈಪೂ ಸಮನಾಗಿದ್ದರೆ ಕೂಸು ಒಂದು ಸಲ ಸೀನುತ್ತದೆ. ಎಲ್ಲರೂ ನಕ್ಕು, ನೂರು ಕಾಲ ಬಾಳು ಎಂದು ಸಕ್ಕರೆ ಹಂಚುತ್ತಾರೆ. ಸಮನಾಗಿಲ್ಲದಿದ್ದರೆ ಎಂಬ ಮಾತನ್ನು ನಮ್ಮೂರಿನಲ್ಲಿ ಯಾರೂ ಮುಗಿಸುವುದಿಲ್ಲ.

ಹೋಗಲಿ, ಕೂಡಿಸದೆ ಬಿಡೋಣವೆಂದರೆ ಅದೂ ಆಗದು. ನನ್ನ ತವರಿನ ಬೀದಿಯಲ್ಲಿ ಹಾಗೆ ಹೊತ್ತು ಮೀರಿದ ಕೂಸೊಂದಿತ್ತು. ಅದನ್ನು ಮುಟ್ಟಿದವರಿಗೆಲ್ಲ ಚುರ್ ಎನ್ನುತ್ತಿತ್ತು, ಕೊನೆಗೆ ಹೆತ್ತ ತಾಯಿಗೂ. ಮರದ ಸೌಟಿನಲ್ಲಿ ಹಾಲು ಕುಡಿಸಿ, ಕಂಬಳಿಯಲ್ಲಿ ಸುತ್ತಿ ಎತ್ತಿ ಸಾಕಿದರು. ಮರದ ಸೌಟಿನ ಚೆನ್ನಿ ಎಂದೇ ಹೆಸರಾಯಿತು. ದೊಡ್ಡವಳಾದ ಮೇಲೂ ಅವಳು ಜನ ಹೋಗುವಾಗ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ನಾವು ಮಕ್ಕಳು ಅವಳನ್ನು ಕಂಡರೆ ಓಡುತ್ತಿದ್ದೆವು.

ಅವತ್ತು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಹೊಕ್ಕುಳ ಕುಡಿ ಉದುರಿತು. ಮಂಜರಿ ನಕ್ಕಳು. ನಾನು ಸಕ್ಕರೆ ಡಬ್ಬಿ ಇಳಿಸಿ, ಕೈ ತೊಳೆಯೋಣವೆಂದು ನಲ್ಲಿಗೆ ಹಿಂಗೈ ತಾಗಿಸಿದೆ.

ಚುರ್ ಎಂದಿತು. ಮೊಣಕೈಯವರೆಗೆ ಹತ್ತಿತು.

ನಾನು ಅಲ್ಲೇ ನಿಂತೆ. ಗ್ಯಾಸಿನ ಪೈಪಿಗೆ ತಾಗಿಸಿದೆ, ತಣ್ಣಗಿತ್ತು, ಏನೂ ಇಲ್ಲ. ಮತ್ತೆ ನಲ್ಲಿಗೆ ತಾಗಿಸಿದೆ, ಚುರ್! ಕೆಲವು ದಿನಗಳಿಂದ ನಲ್ಲಿ ಜುಮ್ಮೆನ್ನುತ್ತಿದ್ದದ್ದು ನಿಜ. ಚಳಿಗಾಲವಲ್ಲವೇ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹೆದರುವವರು ದೊಡ್ಡ ಹೆದರಿಕೆಯನ್ನು ಹೀಗೆ ಸಣ್ಣ ಮಾತಿನಲ್ಲಿ ಮುಚ್ಚಿಡುತ್ತಾರೆ.

‘ಅಮ್ಮಾ, ಏನಾಯ್ತು?’ ಎಂದು ಮಂಜರಿ ಕೋಣೆಯಿಂದ ಕೂಗಿದಳು.

‘ಏನಿಲ್ಲ ಕಣೇ, ಕೈ ಜಾರಿತು’ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕೆಳಗಿಳಿದು ಕರಿಬಸಪ್ಪನವರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟು, ಒಂದೊಂದು ತಂತಿಯ ತಿರುಪನ್ನೂ ಅಲುಗಿಸಿ ನೋಡಿದರು. ಶೇಷಗಿರಿಯವರು ಹೋದ ಮೇಲೆ ಅವರು ಈ ಕೆಲಸವನ್ನು ದಿನಾ ಮಾಡುತ್ತಾರೆ.

‘ಪಟ್ಟಿಯಲ್ಲಿ ಏನೂ ಕೆಟ್ಟಿಲ್ಲ, ತಾಯಿ’ ಎಂದರು. ‘ಎಲ್ಲೋ ಪೈಪೇ ತುಂಡಾಗಿದೆ. ಯಾವುದೋ ಮನೆಯೊಳಗೆ.’

‘ಹೊತ್ತು ಮುಳುಗೋದರೊಳಗೆ ಮಗು ಮಟ್ಟ ಕೂಡಿಸ್ಬೇಕು, ಕರಿಬಸಪ್ಪನೋರೇ.’

ಅವರು ಬಾಗಿಲಾಚೆಯ ಬಿಸಿಲನ್ನು ನೋಡಿದರು. ‘ಹಂಗಾರೆ ಕೈಸಾಲು ಮಾಡಿ’ ಎಂದರು.

ಕೈಸಾಲು ಎಂದರೆ ಇಷ್ಟೇ. ನೀರಿನ ಪೈಪು ಮೆಟ್ಟಿಲ ಪಕ್ಕದಲ್ಲೇ ಮೇಲೇರಿ, ಒಂದೊಂದು ಮನೆಯ ಅಡುಗೆಮನೆಯನ್ನೂ ಹೊಕ್ಕು ಹೊರಬರುತ್ತದೆ. ಮಹಡಿಗೊಬ್ಬರು ಪೈಪಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯ ಹಿಂಬದಿಯನ್ನು ಮೇಲಿನವರ ಕೈಗೆ ತಾಗಿಸಬೇಕು. ಯಾವ ಇಬ್ಬರ ನಡುವೆ ಕಿಡಿ ಹಾರುತ್ತದೋ ಅವರ ನಡುವೆಯೇ ಪೈಪು ತುಂಡಾಗಿದೆ. ನಮ್ಮ ಅಜ್ಜಿಯಂದಿರೂ ಹೀಗೇ ಹುಡುಕುತ್ತಿದ್ದರು.

ಲೀಲಾವತಿ ಟೀಚರ್ ಬಂದರು. ಮೆಹರಮ್ಮ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದಳು. ‘ಒದ್ದೆ ಕೈಯಲ್ಲಿ ಬರಬೇಡಿ ಅಂತ ಎಷ್ಟು ಸಲ ಹೇಳಬೇಕು’ ಎಂದು ಟೀಚರ್ ರೇಗಿದರು. ‘ನಿಮ್ಮ ಕೈ ಒದ್ದೆ ಇದ್ಯೋ ಇಲ್ವೋ, ಕಣ್ಣು ಮಾತ್ರ ಒದ್ದೆ ಆಗಿದೆ, ಟೀಚರ್’ ಎಂದಳು ಮೆಹರಮ್ಮ. ಕರಿಬಸಪ್ಪನವರು ಕೆಳಗಿನಿಂದ ಕೈ ಚಾಚಿದರು, ಟೀಚರ್ ತಾಗಿಸಿದರು, ಏನೂ ಇಲ್ಲ. ಟೀಚರ್ ಮೆಹರಮ್ಮನಿಗೆ ಚಾಚಿದರು, ಅಲ್ಲೂ ಏನೂ ಇಲ್ಲ. ಮೆಹರಮ್ಮನ ಮೇಲೆ ಅಂಬಕ್ಕ ಬರಬೇಕಿತ್ತು. ಅವಳ ಬಾಗಿಲು ಮುಚ್ಚಿತ್ತು, ಕರೆದರೂ ತೆಗೆಯಲಿಲ್ಲ. ಅವಳ ಬದಲಿಗೆ ನಾನು ನಮ್ಮ ಮಹಡಿಯಲ್ಲಿ ಉದ್ದನೆಯ ತಂತಿಯೊಂದನ್ನು ಪೈಪಿಗೆ ಸುತ್ತಿ, ತುದಿ ಹಿಡಿದುಕೊಂಡು ಕೆಳಗಿಳಿದು, ಕಣ್ಣು ಮುಚ್ಚಿ, ಹಿಂಗೈ ಚಾಚಿದೆ. ತಂತಿಯೇ ಮೊದಲು ನನ್ನ ಕೈಯನ್ನು ಚುಚ್ಚಿತು, ಆಮೇಲೆ ಮೆಹರಮ್ಮನ ಕೈ ಇನ್ನೂ ದೂರವಿರುವಾಗಲೇ ಕಿಡಿ ಹಾರಿತು. ಅವಳು ‘ಯಾ ಅಲ್ಲಾ’ ಎಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ನನ್ನ ಹಲ್ಲು ಕಟಕಟಿಸಿತು.

ಎಲ್ಲರೂ ಅಂಬಕ್ಕನ ಬಾಗಿಲನ್ನು ನೋಡಿದೆವು.

‘ಅಂಬಕ್ಕಾ, ಬಾಗಿಲು ತೆಗಿ. ನಿನ್ನ ಮನೆಯಲ್ಲೇ ಪೈಪು ತುಂಡಾಗಿದೆ’ ಎಂದು ನಾನು ಬಡಿದೆ.

ಮರದ ಮೆಟ್ಟಿನ ಸದ್ದು ಹತ್ತಿರ ಬಂತು. ಬಾಗಿಲು ಒಂದು ಬೆರಳಷ್ಟು ತೆರೆಯಿತು. ‘ತುಂಡಾಗಿಲ್ಲ’ ಎಂದಳು. ‘ನಾನೇ ತುಂಡು ಮಾಡಿಸಿದೀನಿ.’

ಮಂಜರಿ ಬಂದ ಹೊಸದರಲ್ಲಿ ಕೆಳಗೆ ಗರಗಸದ ಸದ್ದು ಕೇಳಿದ್ದು ನನಗೆ ಆಗ ನೆನಪಾಯಿತು. ನಲ್ಲಿ ಸೋರುತ್ತೆ, ರಿಪೇರಿ ಎಂದು ಅಂಬಕ್ಕ ಮೆಹರಮ್ಮನ ಹತ್ತಿರ ಅಂದಿದ್ದಳಂತೆ. ಪರ ಊರಿನ ಪ್ಲಂಬರ್ ಒಬ್ಬನನ್ನು ಕರೆಸಿ, ತನ್ನ ಅಡುಗೆಮನೆಗೆ ಪೈಪು ಬಂದು ಸೇರುವ ಕಡೆ ಕಬ್ಬಿಣವನ್ನು ಕೊಯ್ಯಿಸಿ, ನಡುವೆ ಒಂದು ಪ್ಲಾಸ್ಟಿಕ್ ಪೈಪಿನ ತುಂಡು ಹಾಕಿಸಿದ್ದಳು. ನೀರು ಬರುತ್ತದೆ, ಮಟ್ಟ ಬರುವುದಿಲ್ಲ. ನಮ್ಮೂರಿನವರು ಯಾರೂ ಅಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

‘ನಿಮ್ಮದು ಯಾವುದೂ ನನ್ನ ಮನೆಗೆ ಬರೋದು ಬೇಡ’ ಎಂದಳು ಅಂಬಕ್ಕ. ‘ಅವರನ್ನ ತಗೊಂಡು ಹೋಗಿದ್ದು ಕೆಳಗಿಂದ ಬಂದಿದ್ದು. ಇನ್ನೇನೂ ಬರೋದು ಬೇಡ.’

‘ಅಯ್ಯೋ ಪುಣ್ಯಾತ್ಗಿತ್ತೀ, ನಿನ್ನ ತಲೆ ಮೇಲೆ ನಮ್ಮ ಮನೆ ಇದೆ ಅನ್ನೋದಾದ್ರೂ ಜ್ಞಾಪಕ ಬರಲಿಲ್ವೇ?’

ಅವಳು ಬಾಗಿಲ ಸಂದಿಯಿಂದ ಮೇಲಕ್ಕೆ ನೋಡಿದಳು. ಆಮೇಲೆ ಮೆಲ್ಲಗೆ ‘ಕೆಳಗಿಂದ ಬರೋದನ್ನ ಮಾತ್ರ ಯೋಚನೆ ಮಾಡಿದೆ ಕಣೇ. ಮೇಲಿಂದು ಹೊಳೀಲೇ ಇಲ್ಲ’ ಎಂದಳು.

ಕರಿಬಸಪ್ಪನವರು ಏದುಸಿರು ಬಿಡುತ್ತಾ ಹತ್ತಿ ಬಂದು ದಾರಿ ಹೇಳಿದರು. ಪ್ಲಾಸ್ಟಿಕ್ ಇದ್ದರೆ ಇರಲಿ, ಅದನ್ನು ದಾಟಿಸಿ ತಾಮ್ರದ ತಂತಿಯೊಂದನ್ನು ಈಚೆ ಕಬ್ಬಿಣಕ್ಕೂ ಆಚೆ ಕಬ್ಬಿಣಕ್ಕೂ ಬಿಗಿದರೆ ಮತ್ತೆ ಎಲ್ಲ ಒಂದೇ. ತಂತಿ ಅವರಲ್ಲಿತ್ತು. ಆದರೆ ಬಹಳ ದಿನ ಬೇರೆಯಾಗಿದ್ದದ್ದನ್ನು ಒಮ್ಮೆಲೇ ತಂತಿಯಲ್ಲಿ ಕೂಡಿಸಿದರೆ ಕಿಡಿ ಏಳುತ್ತದೆ, ಪಕ್ಕದಲ್ಲೇ ಗ್ಯಾಸಿನ ಪೈಪು. ಅದಕ್ಕೇ ಮೊದಲು ಕೈಗಳಿಂದ ಕೂಡಿಸಬೇಕು. ಈಚೆ ಪೈಪು ಒಬ್ಬರು ಹಿಡಿದು, ಅವರ ಕೈ ಇನ್ನೊಬ್ಬರು ಹಿಡಿದು, ಹೀಗೆ ಸಾಲಾಗಿ ಆಚೆ ಪೈಪಿನವರೆಗೆ. ಕೈ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆ. ಆಚೆ ಪೈಪನ್ನು ಮಾತ್ರ ಆ ಮನೆಯವರೇ ಹಿಡಿಯಬೇಕು, ಗ್ಯಾಸಿನ ಪೈಪೂ ನೆಲವೂ ಮುಟ್ಟದೆ ಆ ಮಟ್ಟಕ್ಕೆ ಒಗ್ಗಿದ ಮೈ ಅವರದೊಂದೇ.

‘ಆಗಲ್ಲ’ ಎಂದಳು ಅಂಬಕ್ಕ. ‘ಅವರು ನಡುಗಿದ್ದು ನಾನು ನೋಡಿದೀನಿ. ನಾನು ಯಾರ ಕೈಯೂ ಹಿಡಿಯಲ್ಲ.’ ಬಾಗಿಲು ಮುಚ್ಚಿತು.

ಟೀಚರ್ ಗದರಿದರು, ಮೆಹರಮ್ಮ ಬೇಡಿದಳು, ಬಾಗಿಲು ಅಲುಗಲಿಲ್ಲ. ಮೆಟ್ಟಿಲ ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಎದುರು ಗೋಡೆಗೆ ಸರಿಯಿತು. ಬಿಸಿಲು ಕೆಂಪಾಗತೊಡಗಿತು. ಬಾಗಿಲು ಒಡೆಯೋಣ ಎಂದಳು ಮೆಹರಮ್ಮ. ಒಡೆದು? ಕೈ ಹಿಡಿ ಎಂದು ಯಾರನ್ನಾದರೂ ಬಾಗಿಲು ಒಡೆದು ಒಪ್ಪಿಸಲಾಗುತ್ತದೆಯೇ?

ಅಷ್ಟರಲ್ಲಿ ಮೇಲಿನಿಂದ ಮಂಜರಿಯ ಕೂಗು ಕೇಳಿತು. ಮೆಟ್ಟಿಲು ಹೇಗೆ ಹತ್ತಿದೆನೋ ನನಗೆ ತಿಳಿಯದು. ಅವಳು ಮಂಚದ ಮೇಲೆ ಕೂತಿದ್ದಳು. ಕೂಸು ಅವಳ ಮುಂದೆ ಹಾಸಿಗೆಯ ಮೇಲೆ ಮಲಗಿ ಕೈಕಾಲು ಬಡಿದು ಅಳುತ್ತಿತ್ತು. ಅವಳು ಎರಡೂ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು.

‘ಅಮ್ಮಾ, ಹಾಲು ಕುಡಿಸೋಕೆ ಎತ್ಕೊಂಡೆ, ಚುರ್ ಅಂದ್ಳು’ ಎಂದಳು. ‘ನನ್ನ ಮಗಳೇ ನನಗೆ ಚುರ್ ಅಂದ್ಳಮ್ಮ!’

ನಾನು ಕೂಸಿನ ಪಾದಕ್ಕೆ ಹಿಂಗೈ ತಾಗಿಸಿದೆ. ಸಣ್ಣದೊಂದು ಚುಚ್ಚು, ಇರುವೆ ಕಚ್ಚಿದಷ್ಟು. ಚೆನ್ನಿಗೂ ಇರುವೆ ಕಚ್ಚಿದಷ್ಟರಿಂದಲೇ ಶುರುವಾಗಿತ್ತೆಂದು ನನ್ನ ಅಮ್ಮ ಹೇಳುತ್ತಿದ್ದಳು. ‘ಸೆರಗು ಸುತ್ತಿಕೊಂಡು ಎತ್ಕೋ, ಬಿಡಬೇಡ’ ಎಂದು ಮಂಜರಿಗೆ ಹೇಳಿ ಮತ್ತೆ ಕೆಳಗೆ ಓಡಿದೆ.

ಈ ಸಲ ನಾನು ಬಾಗಿಲು ಬಡಿಯಲಿಲ್ಲ. ನನ್ನಲ್ಲಿ ಬಡಿಯುವ ಶಕ್ತಿಯೂ ಇರಲಿಲ್ಲ. ಹೊಸ್ತಿಲ ಮೇಲೆ, ದಿನಾ ಪಾತ್ರೆ ಇಡುವ ಜಾಗದಲ್ಲಿ, ಕುಸಿದು ಕೂತು ಅತ್ತೆ. ಒಳಗೆ ಮರದ ಮೆಟ್ಟಿನ ಸದ್ದು ಬಾಗಿಲ ತನಕ ಬಂದು ನಿಂತಿತು.

‘ಮಗು ಯಾಕೆ ಹಂಗೆ ಅಳ್ತಿದೆ?’ ಎಂದು ಅಂಬಕ್ಕ ಒಳಗಿನಿಂದಲೇ ಕೇಳಿದಳು.

‘ತಾಯಿ ಮುಟ್ಟಿದ್ರೆ ಚುರ್ ಅಂತಿದೆಯಂತೆ. ಹಾಲು ಬಿಟ್ಟಿದೆ.’

ಆಮೇಲೆ ಒಳಗೆ ಮರದ ಮೆಟ್ಟು ಒಂದೊಂದಾಗಿ ನೆಲಕ್ಕೆ ಬಿದ್ದ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಅಂಬಕ್ಕ ಬರಿಗಾಲಿನಲ್ಲಿ ನಿಂತಿದ್ದಳು. ಅವಳ ಮುಖ ಹಿಂಡಿದ ಬಟ್ಟೆಯ ಹಾಗಿತ್ತು.

‘ಬೇಗ ಬನ್ನಿ. ನನ್ನ ಮನಸ್ಸು ತಿರುಗೋದರೊಳಗೆ ಬನ್ನಿ’ ಎಂದಳು.

ಅವಳ ಅಡುಗೆಮನೆಯಲ್ಲಿ ಎಲ್ಲ ನಿಂತೆವು. ಕರಿಬಸಪ್ಪನವರು ತಂತಿಯ ಒಂದು ತುದಿಯನ್ನು ಈಚೆ ಪೈಪಿಗೆ ಬಿಗಿದು, ಇನ್ನೊಂದು ತುದಿಯನ್ನು ಒಣ ಬಟ್ಟೆಯಲ್ಲಿ ಸುತ್ತಿ ಬಿಟ್ಟು, ಅದೇ ಪೈಪನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಅವರ ಕೈ ಟೀಚರ್ ಹಿಡಿದರು, ಟೀಚರ್ ಕೈ ಮೆಹರಮ್ಮ ಹಿಡಿದಳು, ಮೆಹರಮ್ಮನ ಕೈಯಲ್ಲಿ ನನ್ನ ಎಡಗೈ. ಪ್ಲಾಸ್ಟಿಕ್ಕಿನ ಆಚೆಗೆ ಅಂಬಕ್ಕ ಪೈಪಿನ ಮೇಲೆ ಎಡಗೈ ಇಟ್ಟು ನಿಂತಳು. ನಡುವೆ ನನ್ನ ಬಲಗೈ, ಅವಳ ಬಲಗೈ. ಅಷ್ಟೇ ಜಾಗ ಉಳಿದಿತ್ತು. ಅವಳು ನನ್ನ ಮಣಿಕಟ್ಟನ್ನು ನೋಡಿದಳು. ಹಲ್ಲಿನ ಗುರುತು ಕಂಡಿತೆಂದು ಕಾಣುತ್ತದೆ.

‘ಹಿಂಗೈ ಮಾತ್ರ ತಾಗಿಸಿ’ ಎಂದರು ಕರಿಬಸಪ್ಪನವರು. ‘ಬಿಟ್ಟು ಬಿಟ್ಟು ತಾಗಿಸಿ. ಹಿಡೀಬೇಡಿ.’

ನಾನು ಕೈ ಚಾಚಿದೆ. ಮೊದಲ ಕಿಡಿ ಹಾರಿದಾಗ ಎಲ್ಲರೂ ಒಟ್ಟಿಗೆ ಅಂದದ್ದು ‘ಅಮ್ಮಾ’ ಎಂದೇ. ಎರಡನೆಯದಕ್ಕೆ ಅಂಬಕ್ಕನ ಕೈ ಹಿಂದಕ್ಕೆ ಹಾರುವ ಬದಲು ತಿರುಗಿತು, ಅವಳ ಬೆರಳು ನನ್ನ ಮಣಿಕಟ್ಟಿನ ಮೇಲೆ, ಆ ಗುರುತಿನ ಮೇಲೆಯೇ, ಮುಚ್ಚಿಕೊಂಡಿತು. ಮುಚ್ಚಿಕೊಂಡದ್ದು ಬಿಡಲಿಲ್ಲ. ಅವಳ ಮೈ ನಡುಗತೊಡಗಿತು, ಶೇಷಗಿರಿಯವರದ್ದು ಅವತ್ತು ನಡುಗಿದ ಹಾಗೆಯೇ. ನನ್ನ ತೋಳಿನೊಳಗೆ ಸಾವಿರ ಸೂಜಿ ಹರಿದವು, ಕಣ್ಣ ಮುಂದೆ ಬೆಳ್ಳಗಾಯಿತು.

‘ಬಿಡಿ! ಮೆಹರಮ್ಮಾ, ಕೈ ಬಿಡಿ!’ ಎಂದು ಕರಿಬಸಪ್ಪನವರು ಕೂಗಿದರು. ಊರಿನ ಕಟ್ಟಳೆ ಅದೇ. ಸಿಕ್ಕಿಕೊಂಡವರನ್ನು ಬಿಟ್ಟು ಸರಿಯಬೇಕು, ಸಾಲು ಕಡಿಯಬೇಕು. ಮೆಹರಮ್ಮನ ಬೆರಳು ಸಡಿಲಾದದ್ದು ನನಗೆ ತಿಳಿಯಿತು. ಅವಳು ಬಿಟ್ಟರೆ ನಾವಿಬ್ಬರೂ ಬದುಕುತ್ತೇವೆ, ಆದರೆ ಮತ್ತೊಮ್ಮೆ ಸಾಲು ಕಟ್ಟಲು ಹೊತ್ತಿಲ್ಲ, ಅಂಬಕ್ಕ ಮತ್ತೆ ಕೈ ಚಾಚುವವಳಲ್ಲ. ಮೇಲೆ ಕೂಸು ಅಳುತ್ತಲೇ ಇತ್ತು.

‘ಬಿಡಬೇಡ!’ ಎಂದು ಕಿರುಚಿದೆ. ಆ ದನಿ ನನ್ನದೇ. ‘ಮೆಹರಮ್ಮಾ, ಬಿಡಬೇಡ! ಯಾರೂ ಬಿಡಬೇಡಿ!’

ಅವಳು ಬಿಡಲಿಲ್ಲ. ‘ಬಿಡಲ್ಲ, ವನಮಾಲಕ್ಕ, ಬಿಡಲ್ಲ’ ಎಂದು ಅಳುತ್ತಾ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಟೀಚರ್ ದೇವರ ಹೆಸರನ್ನೆಲ್ಲ ಹಾಜರಿ ಕರೆದಂತೆ ಕರೆದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಹೇಳಲಾರೆ. ತುಂಬಿದ ಕೊಡದಿಂದ ಬರಿ ಕೊಡಕ್ಕೆ ನೀರು ಸರಿದು ಸಮನಾಗುವ ಹಾಗೆ ಅದು ಮೆಲ್ಲಮೆಲ್ಲನೆ ಇಳಿಯಿತು. ಸೂಜಿಗಳು ಇರುವೆಗಳಾದವು, ಇರುವೆಗಳು ಜುಮ್ಮೆಂದು ಆರಿದವು. ಅಂಬಕ್ಕನ ನಡುಕ ನಿಂತಿತು. ಅವಳ ಬೆರಳು ಈಗ ಬಿಡಬಹುದಿತ್ತು, ಆದರೂ ಅವಳು ಹಿಡಿದೇ ಇದ್ದಳು.

ಕರಿಬಸಪ್ಪನವರು ಬಟ್ಟೆ ಬಿಚ್ಚಿ ತಂತಿಯ ತುದಿಯನ್ನು ಆಚೆ ಪೈಪಿಗೆ ತಾಗಿಸಿದರು. ಕಿಡಿ ಏಳಲಿಲ್ಲ. ತಿರುಪು ಬಿಗಿದು, ಅಲುಗಿಸಿ ನೋಡಿ, ಮತ್ತೆ ಬಿಗಿದರು. ‘ಹೋಗಿ, ತಾಯಿ’ ಎಂದರು. ‘ಬೆಳಕು ಇನ್ನೂ ಇದೆ.’

ಎಲ್ಲರೂ ಮೇಲೆ ಹೋದೆವು. ಮಂಜರಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಬಂದಳು. ಅವಳು ಗ್ಯಾಸಿನ ಪೈಪು ಹಿಡಿದಳು. ನಾನು ನೀರಿನ ಪೈಪಿಗೆ ಕೈ ಚಾಚಬೇಕು. ಬಲಗೈ ನನ್ನದಲ್ಲವೇನೋ ಎಂಬಂತೆ ಜೋಲುಬಿದ್ದಿತ್ತು, ಬೆರಳಿನಲ್ಲಿ ಸತ್ವವೇ ಇಲ್ಲ. ಎಡಗೈಯೊಂದರಲ್ಲಿ ಪೈಪು ಹಿಡಿದು ಕೂಸನ್ನು ತೆಗೆದುಕೊಳ್ಳುವುದಾದರೂ ಹೇಗೆ? ನಿಜ ಹೇಳಬೇಕೆಂದರೆ ಕೈ ಗಟ್ಟಿಯಿದ್ದರೂ ನಾನು ಮುಂದೆ ಹೋಗುತ್ತಿದ್ದೆನೋ ಇಲ್ಲವೋ. ಬೆಳಿಗ್ಗೆ ಆ ನಲ್ಲಿ ನನ್ನನ್ನು ಕಚ್ಚಿತ್ತು. ತಂತಿ ಸರಿಯಾಗಿ ಕೂತಿಲ್ಲದಿದ್ದರೆ? ಎಲ್ಲೋ ಇನ್ನೊಂದು ತುಂಡಿದ್ದರೆ? ಕಿಟಕಿಯಲ್ಲಿ ಬೆಳಕಿನ ಕೊನೆಯ ಗೆರೆ ಉಳಿದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನ್ನ ಕಾಲು ನೆಲದಿಂದ ಏಳಲಿಲ್ಲ.

‘ಈಚೆ ಸರಿ ಕಣೇ’ ಎಂದು ನನ್ನನ್ನು ಮೊಣಕೈಯಿಂದ ತಳ್ಳಿ ಅಂಬಕ್ಕ ಮುಂದೆ ಹೋದಳು. ಪೈಪನ್ನು ಹಿಡಿದಳು. ಇನ್ನೊಂದು ತೋಳು ಚಾಚಿದಳು. ‘ಕೊಡು ಮಗಳೇ.’

ಮಂಜರಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆನೋ ಇಲ್ಲವೋ ಗೊತ್ತಿಲ್ಲ. ಸೆರಗು ಬಿಚ್ಚಿ, ಬರಿಮೈಯ ಕೂಸನ್ನು ಆ ತೋಳಿಗೆ ದಾಟಿಸಿದಳು.

ಕೂಸು ಅಳು ನಿಲ್ಲಿಸಿತು. ಕಣ್ಣು ಅಗಲ ಮಾಡಿತು. ಸೀನಲಿಲ್ಲ. ಅದರ ಮೈ ಬಿಲ್ಲಿನಂತೆ ಬಿಗಿಯಾಯಿತು, ಬಾಯಿ ತೆರೆಯಿತು, ಮುಖ ಕೆಂಪಗಾಯಿತು. ನನ್ನ ಮರದ ಸೌಟಿನ ಚೆನ್ನೀ, ಎಂದು ನನ್ನೊಳಗೆ ಯಾರೋ ಅಂದರು. ಆಗ ಅಡುಗೆಮನೆಯಲ್ಲಿ ಜೋರಾಗಿ ಸೀನಿದ ಸದ್ದಾಯಿತು. ಸೀನಿದ್ದು ಅಂಬಕ್ಕ. ನಾವೆಲ್ಲ ದಿಕ್ಕುತೋಚದೆ ಅವಳನ್ನು ನೋಡುತ್ತಿರುವಾಗಲೇ ಅವಳ ತೋಳಿನಲ್ಲಿ ಕೂಸೂ ಸೀನಿತು, ಬೆಕ್ಕಿನ ಮರಿ ಸೀನಿದಷ್ಟು ಸಣ್ಣಗೆ.

‘ನೂರು ಕಾಲ ಬಾಳು’ ಎಂದು ಟೀಚರ್ ಹೇಳಿದರು. ಯಾರಿಗೆ ಹೇಳಿದರೋ, ಇಬ್ಬರಿಗೂ ಸೇರಿಸಿ ಹೇಳಿದರೋ. ಮೆಹರಮ್ಮ ಸಕ್ಕರೆ ಡಬ್ಬಿಯನ್ನೇ ಬೋರಲು ಹಾಕಿದಳು. ಮಂಜರಿ ಕೂಸನ್ನು ಎದೆಗೆ ಹಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅದು ಹಾಲು ಹಿಡಿದ ಸದ್ದು ಎಲ್ಲರಿಗೂ ಕೇಳಿಸಿತು.

ಅಂಬಕ್ಕ ಮಾತ್ರ ಪೈಪಿನ ಪಕ್ಕದಲ್ಲಿ ನಿಂತು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದೆ.

‘ಉರೀತಿದೆಯೇನೇ?’ ಎಂದು ಕೇಳಿದೆ.

‘ಇಲ್ಲ’ ಎಂದಳು. ಅವಳಿಗೆ ನಗು ಬಂತೋ ಅಳು ಬಂತೋ. ‘ಅಂಗೈಯಲ್ಲೇ ಹಿಡಿದುಬಿಟ್ಟೆ ಕಣೇ. ಹಿಂಗೈ ತಾಗಿಸೋದನ್ನೇ ಮರೆತೆ.’